ಕಾಡು ಬ್ಲೂಬೆರಿ ಪುಡಿ: ಮಣ್ಣಿನ ಹೆಸರಿನಲ್ಲಿ ಅರ್ಧ ಸತ್ಯ

ಅಮೆರಿಕದ ಮೇಯ್ನ್ ರಾಜ್ಯದ ಕಾಡು ಬ್ಲೂಬೆರಿಯದೆಂದು ಮಾರಾಟವಾಗುವ ಪುಡಿಯೊಂದನ್ನು ಒಂದು ತಿಂಗಳು ಬಳಸಿದ್ದೇನೆ. ಮೊಸರಿಗೆ ಒಂದು ಚಮಚ ಬೆರೆಸಿದರೆ ಕೆಂಪು ಮಿಶ್ರಿತ ನೇರಳೆ ಬಣ್ಣ ಬರುತ್ತದೆ. ರುಚಿಯಲ್ಲಿ ಹುಳಿ ಮುಂದು, ನಮ್ಮ ನೇರಳೆ ಹಣ್ಣಿನ ಒಗರು ಕಡಿಮೆ.

ಪೊಟ್ಟಣದ ಮೇಲೆ ‘ಆಮ್ಲೀಯ ಮಣ್ಣಿನಿಂದಾಗಿ ಅಧಿಕ ಆಂಟಿಆಕ್ಸಿಡೆಂಟ್’ ಎಂದು ದೊಡ್ಡದಾಗಿ ಅಚ್ಚಾಗಿದೆ. ಇದು ಪೂರ್ತಿ ಸುಳ್ಳಲ್ಲ. ಹಿಮನದಿಗಳು ಬಿಟ್ಟುಹೋದ, ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) ಸುಮಾರು 4ರಿಂದ 5ರ ಆಸುಪಾಸಿನ ಮರಳು ಮಿಶ್ರಿತ ಬಡ ಮಣ್ಣಿನಲ್ಲಿ ಈ ಗಿಡ ಬೇರಿನ ಶಿಲೀಂಧ್ರಗಳ ನೆರವಿನಿಂದ ಬದುಕುತ್ತದೆ. ಕ್ಷಾರೀಯ ಮಣ್ಣಿನಲ್ಲಾದರೆ ಕಬ್ಬಿಣ ಸಿಗದೆ ಎಲೆಗಳು ಹಳದಿಯಾಗುತ್ತವೆ. ಸಾರಜನಕದ ಕೊರತೆಯಿರುವಲ್ಲಿ ಸಸ್ಯಗಳು ಸಾಮಾನ್ಯವಾಗಿ ಆಂಟಿಆಕ್ಸಿಡೆಂಟ್ ಗುಣವುಳ್ಳ ಫೀನಾಲಿಕ್ ಸಂಯುಕ್ತಗಳನ್ನು ಹೆಚ್ಚಾಗಿ ಕೂಡಿಡುತ್ತವೆ ಎಂಬುದೂ ನಿಜ. ಆದರೆ ಅಲ್ಲಿನ ಒಂದೇ ಹೊಲದಲ್ಲಿ, ಒಂದೇ ಮಣ್ಣಿನಲ್ಲಿ, ಬೇರೆ ಬೇರೆ ತಳಿಗುಣದ ಗಿಡಗಳು ಅಕ್ಕಪಕ್ಕದಲ್ಲೇ ಹರಡಿಕೊಂಡಿದ್ದು, ಅವುಗಳ ಹಣ್ಣಿನ ಬಣ್ಣವೂ ಆ ಬಣ್ಣ ಕೊಡುವ ಫೀನಾಲಿಕ್ ಸಂಯುಕ್ತಗಳಾದ ಆಂಥೋಸಯನಿನ್‌ಗಳ ಪ್ರಮಾಣವೂ ಭಿನ್ನವಾಗಿರುತ್ತವೆ. ಬಿಸಿಲು, ಮಾಗುವಿಕೆಗಳ ಪಾಲೂ ಇದೆ. ಹಣ್ಣು ಚಿಕ್ಕದಾದ್ದರಿಂದ ಸಿಪ್ಪೆಯ ಅಂಶ ಹೆಚ್ಚು, ಬಣ್ಣದ ಸಂಯುಕ್ತಗಳು ಬಹುಪಾಲು ಇರುವುದೂ ಅಲ್ಲೇ. ಈ ಸರಳ ಕಾರಣವನ್ನು ತಯಾರಕರು ಏಕೆ ಹೇಳಿಲ್ಲವೋ!

ನನ್ನ ಮುಖ್ಯ ಆಕ್ಷೇಪವೆಂದರೆ, ನೂರು ಗ್ರಾಮಿಗೆ ಆಂಥೋಸಯನಿನ್ ಎಷ್ಟು ಮಿಲಿಗ್ರಾಂ ಎಂಬುದಾಗಲಿ, ಹಣ್ಣನ್ನು ಬಿಸಿಗಾಳಿಯಲ್ಲಿ ಒಣಗಿಸಿದ್ದೋ ಶೈತ್ಯೀಕರಿಸಿ ಒಣಗಿಸಿದ್ದೋ ಎಂಬುದಾಗಲಿ ಎಲ್ಲೂ ನಮೂದಾಗಿಲ್ಲ. ಶಾಖಕ್ಕೆ ಈ ಸಂಯುಕ್ತಗಳು ಬೇಗ ನಶಿಸುವುದರಿಂದ ಮಣ್ಣಿಗಿಂತ ಈ ಮಾಹಿತಿಯೇ ಕೊಳ್ಳುವವರಿಗೆ ಮುಖ್ಯ. ಮಳೆಗಾಲದ ತೇವಕ್ಕೆ ಪುಡಿ ಎರಡೇ ವಾರದಲ್ಲಿ ಗಂಟುಕಟ್ಟಿತು. ರುಚಿಗಾಗಿ ಕೊಳ್ಳಬಹುದು, ಆಂಟಿಆಕ್ಸಿಡೆಂಟಿಗಾಗಿ ಈ ಬೆಲೆ ತೆರುವ ಬದಲು ಶೈತ್ಯೀಕರಿಸಿದ ಇಡೀ ಹಣ್ಣನ್ನೇ ತರುವೆನು.