ಓಟ, ನಡಿಗೆ, ಊಟದ ಗಡಿಯಾರ, ಡಂಬೆಲ್: ಹತ್ತು ತಿಂಗಳು ನನ್ನ ಹಸಿವು ಹೇಳಿದ್ದು

ಹತ್ತು ತಿಂಗಳ ಹಿಂದೆ ನನ್ನ ತೂಕ 88 ಕೆ.ಜಿ., ಸೊಂಟದ ಸುತ್ತಳತೆ 102 ಸೆಂ.ಮೀ. ಈಗ ತೂಕ 78.4, ಸೊಂಟ 90. ಇಷ್ಟಕ್ಕೆ 44 ವಾರ ಹಿಡಿಯಿತು. ಒಂದೇ ದಾರಿಯಲ್ಲಿ ಬಂದವನಲ್ಲ ನಾನು. ಮೊದಲ 12 ವಾರ ಓಡಿದೆ. ಮುಂದಿನ 8 ವಾರ ದಿನಾ ನಡೆದು, ಊಟವನ್ನು ಎಂಟು ಗಂಟೆಯ ಅವಧಿಯೊಳಗೆ ಮುಗಿಸಿದೆ. ಆಮೇಲಿನ 10 ವಾರ ನಡಿಗೆ ಮುಂದುವರಿಸಿ, ತಿಂದದ್ದನ್ನೆಲ್ಲ ತೂಗಿ ಬರೆದಿಟ್ಟೆ. ಕೊನೆಯ 14 ವಾರ ಭಾರ ಎತ್ತಿದೆ.

ಒಂದು ನೋಟ್‌ಬುಕ್ ಇಟ್ಟಿದ್ದೆ. ಬೆಳಿಗ್ಗೆ ಎದ್ದ ತಕ್ಷಣದ ತೂಕ, ಅದರ ವಾರದ ಸರಾಸರಿ, ಭಾನುವಾರಕ್ಕೊಮ್ಮೆ ಸೊಂಟದ ಅಳತೆ, ಹಾಸಿಗೆಯಿಂದ ಏಳುವ ಮುಂಚಿನ ನಾಡಿಬಡಿತ. ಇವುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದ್ದೆ: ಆ ದಿನ ಎಷ್ಟು ಹಸಿವಾಯಿತು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಸುಮ್ಮನೆ ಇರಲಿ ಎಂದು ಶುರು ಮಾಡಿದ ಈ ಕಾಲಮ್ಮೇ ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಅದಕ್ಕೇ ಈ ಹೋಲಿಕೆಯನ್ನು ಹಸಿವಿನ ಕಡೆಯಿಂದ ಮಾಡುತ್ತಿದ್ದೇನೆ.

ಇದು ಸಮಬಲದ ಸ್ಪರ್ಧೆ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದರ ಹಿಂದೆ ಒಂದು ಮಾಡಿದ್ದರಿಂದ ಹಿಂದಿನದರ ಫಲ ಮುಂದಿನದಕ್ಕೂ ಸೇರಿದೆ. 88 ಇದ್ದಾಗ ಒಂದು ಕಿಲೋ ಇಳಿಯುವುದು ಬೇರೆ, 79 ಇದ್ದಾಗ ಇಳಿಯುವುದು ಬೇರೆ.

ಓಟ

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮತ್ತೆ ಓಟ. ಹೀಗೆ ವಾರಕ್ಕೆ ಮೂರು ದಿನ. ಒಂಬತ್ತನೇ ವಾರದ ಹೊತ್ತಿಗೆ 4 ಕಿಲೋಮೀಟರ್ ನಿಲ್ಲದೆ ಓಡುವಂತಾದೆ. ಆ ಬೆಳಗಿನ ಖುಷಿ ಇನ್ನೂ ನೆನಪಿದೆ. ಆದರೆ 12 ವಾರ ಮುಗಿದಾಗ ತೂಕ 86.8. ಅಷ್ಟು ಬೆವರಿಗೆ ಇಳಿದದ್ದು 1.2 ಕೆ.ಜಿ.

ಲೆಕ್ಕ ಹಾಕಿ ನೋಡಿದ ಮೇಲೆ ಆಶ್ಚರ್ಯ ಉಳಿಯಲಿಲ್ಲ. ಒಂದು ಕಿಲೋಮೀಟರ್ ಓಡಲು ದೇಹತೂಕದ ಪ್ರತಿ ಕಿಲೋಗೆ ಸರಿಸುಮಾರು 1 ಕ್ಯಾಲೊರಿ ಬೇಕು. ನನಗೆ 4 ಕಿಲೋಮೀಟರಿಗೆ ಸುಮಾರು 350. ಒಂದು ಕಿಲೋ ಬೊಜ್ಜಿನಲ್ಲಿ ಅಡಗಿರುವುದು ಸುಮಾರು 7700. ಅಂದರೆ ಒಂದು ಕಿಲೋ ಕರಗಿಸಲು 22 ಸಲ ಓಡಬೇಕು, ಅದೂ ಊಟ ಒಂದು ತುತ್ತೂ ಹೆಚ್ಚದೆ. ನಾನು ಓಡಿದ್ದು 36 ಸಲ. ಲೆಕ್ಕದ ಪ್ರಕಾರ 1.6 ಇಳಿಯಬೇಕಿತ್ತು. ಉಳಿದ 400 ಗ್ರಾಂ ಎಲ್ಲಿ ಹೋಯಿತು ಎಂಬುದಕ್ಕೆ ಹಸಿವಿನ ಕಾಲಂನಲ್ಲಿ ಉತ್ತರವಿತ್ತು. ಓಡಿದ ದಿನ 7, 8. ಓಡದ ದಿನ 4, 5. ಓಡಿ ಬಂದ ಕೂಡಲೇ ಹಸಿವಾಗುತ್ತಿರಲಿಲ್ಲ, ನೀರು ಸಾಕಾಗುತ್ತಿತ್ತು. ಅದು ಬರುತ್ತಿದ್ದುದು ಸಂಜೆಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಸುವ ಹಸಿವು. ಬೆಳಗಿನ ಓಟಕ್ಕೂ ಸಂಜೆಯ ಹಸಿವಿಗೂ ನಂಟಿದೆ ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಕೈಗೆ ಕಟ್ಟಿಕೊಂಡ ಬ್ಯಾಂಡ್ ಇನ್ನಷ್ಟು ದಾರಿ ತಪ್ಪಿಸಿತು. ಪ್ರತಿ ಓಟಕ್ಕೂ 500 ಕ್ಯಾಲೊರಿಗಿಂತ ಹೆಚ್ಚು ತೋರಿಸುತ್ತಿತ್ತು, ನಾನು ಅದನ್ನು ನಂಬಿ ತಿನ್ನುತ್ತಿದ್ದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಬ್ಯಾಂಡ್‌ಗಳನ್ನು ಪರೀಕ್ಷಿಸಿದ್ದರು. ಹೃದಯಬಡಿತವನ್ನು ಆರು ಬ್ಯಾಂಡ್‌ಗಳು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಎನಿಸಿದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ನಾಡಿಬಡಿತ ನೋಡಲು ಬ್ಯಾಂಡ್ ಈಗಲೂ ಕಟ್ಟುತ್ತೇನೆ, ಕ್ಯಾಲೊರಿಯ ಅಂಕಿಯನ್ನು ಪರದೆಯಿಂದಲೇ ತೆಗೆದಿದ್ದೇನೆ.

ಹಾಗೆಂದು ಓಟವನ್ನು ಸೋತದ್ದು ಎನ್ನಲಾರೆ. ಬೆಳಗಿನ ನಾಡಿಬಡಿತ 78ರಿಂದ 68ಕ್ಕೆ ಇಳಿಯಿತು. ಮೂರು ಮಹಡಿ ಹತ್ತಿದರೆ ಏದುಸಿರು ಬರುತ್ತಿದ್ದವನು ಮಾತಾಡುತ್ತಲೇ ಹತ್ತುವಂತಾದೆ. ಇಷ್ಟು ಕಡಿಮೆ ಸಮಯದಲ್ಲಿ ಉಸಿರಿಗೆ ಇಷ್ಟು ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಐದನೇ ವಾರ ಅವಸರಪಟ್ಟು ದೂರ ಹೆಚ್ಚಿಸಿದಾಗ ಮೊಣಕಾಲಿನ ಕೆಳಗೆ ಮುಂಬದಿಯ ಎಲುಬಿನ ಉದ್ದಕ್ಕೂ ನೋವು ಬಂದು ಹತ್ತು ದಿನ ನರಳಬೇಕಾಯಿತು. ಭಾರದ ದೇಹ ಓಡುವಾಗ ಕಾಲಿಗೆ ಬೀಳುವ ಪೆಟ್ಟು ದೊಡ್ಡದು. ನಿಧಾನಕ್ಕೆ ಹೆಚ್ಚಿಸಿದ್ದರೆ ತಪ್ಪುತ್ತಿತ್ತು.

ಇದನ್ನೆಲ್ಲ ಅಕ್ಕನಿಗೆ ಹೇಳಿದಾಗ ಅವಳು, "ನನಗೆ ಉಲ್ಟಾ ಕಣೋ, ಓಡಿದ ದಿನ ಊಟವೇ ಬೇಡ ಅನ್ಸುತ್ತೆ" ಅಂದಳು. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲೇ ಇಷ್ಟು ವ್ಯತ್ಯಾಸ. ಅದಕ್ಕೇ ನನ್ನ ಅಂಕಿಗಳನ್ನು ನಿಮ್ಮವು ಎಂದುಕೊಳ್ಳಬೇಡಿ. ನಿಮ್ಮದೇ ಕಾಲಂ ಹಾಕಿ.

ನಡಿಗೆ

ಓಟಕ್ಕೆ ಹೋಲಿಸಿದರೆ ನಡಿಗೆ ಏನೂ ಅಲ್ಲ ಎಂದುಕೊಂಡಿದ್ದೆ. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ನಿಜವೂ ಹೌದು. ಸುಮ್ಮನೆ ಕೂತದ್ದಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು ಅರ್ಧ ಕ್ಯಾಲೊರಿ. ಆದರೆ ನಡಿಗೆ ದಿನಾ ಆಗುತ್ತದೆ. ದಿನಕ್ಕೆ 6 ಕಿಲೋಮೀಟರ್ ಎಂದರೆ ನನಗೆ 250ರ ಮೇಲೆ, ವಾರಕ್ಕೆ ಸುಮಾರು 1800. ಮೂರು ದಿನದ ಓಟದಿಂದ ವಾರಕ್ಕೆ ಸಿಗುತ್ತಿದ್ದುದು 1050. ಮುಖ್ಯ ವಿಷಯ, ಹಸಿವಿನ ಕಾಲಂ 4ರ ಆಸುಪಾಸಿನಲ್ಲೇ ಇತ್ತು. ಕಾಲು ನೋಯಲಿಲ್ಲ. ನಿದ್ದೆಗೆಟ್ಟ ದಿನವೂ ನಡೆದೆ, ನೆಗಡಿ ಇದ್ದ ದಿನವೂ ನಡೆದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು.

ಹತ್ತು ಸಾವಿರ ಹೆಜ್ಜೆಯ ಹಿಂದೆ ಬೀಳಲಿಲ್ಲ. ಆ ಸಂಖ್ಯೆ ಹುಟ್ಟಿದ್ದು ವೈದ್ಯರಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಸಾಧನದಿಂದ. ಅದರ ಹೆಸರು ಮಾನ್ಪೊಕೇ, ಅಂದರೆ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ನನ್ನ 6 ಕಿಲೋಮೀಟರಿಗೆ ಎಂಟು ಸಾವಿರದಷ್ಟು ಹೆಜ್ಜೆಗಳಾಗುತ್ತಿದ್ದವು, ಅದಕ್ಕೇ ತೃಪ್ತಿಪಟ್ಟೆ.

ನಡಿಗೆಯ ಕೊರತೆ ಒಂದೇ. ಓಟ ಗಳಿಸಿಕೊಟ್ಟ ಉಸಿರನ್ನು ಅದು ಉಳಿಸಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ನಾಡಿಬಡಿತ 68ರಿಂದ ಮತ್ತೆ 71ಕ್ಕೆ ಏರಿತು.

ಗಡಿಯಾರ ನೋಡಿ ಉಣ್ಣುವುದು

ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಮಾತ್ರ ಊಟ, ಉಳಿದ 16 ಗಂಟೆ ನೀರು. ಮೊದಲ ವಾರವೇ 1.3 ಕೆ.ಜಿ. ಇಳಿದಾಗ ಇದೇ ಸರಿಯಾದ ದಾರಿ ಎಂದು ಸ್ನೇಹಿತರಿಗೆಲ್ಲ ಹೇಳಿಬಿಟ್ಟೆ. ಅದರಲ್ಲಿ ಬಹುಪಾಲು ನೀರು. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆಯಾದರೆ ಆ ದಾಸ್ತಾನು ಖಾಲಿಯಾಗುತ್ತದೆ, ನೀರೂ ಹೊರಡುತ್ತದೆ. ಉಳಿದ ಏಳು ವಾರ ಸೇರಿಸಿ ಇಳಿದದ್ದು 1.4. ಒಟ್ಟು ತೂಕ 84.1ಕ್ಕೆ ಬಂತು, ಸೊಂಟ 98ಕ್ಕೆ.

ಬೆಳಗಿನ ಹಸಿವು ಎರಡನೇ ವಾರಕ್ಕೇ ಅಡಗಿತು. ಕಷ್ಟ ಕೊಟ್ಟದ್ದು ಸಂಜೆ ಆರೂವರೆ. ಇನ್ನು ಅರ್ಧ ಗಂಟೆಗೆ ಬಾಗಿಲು ಮುಚ್ಚುತ್ತದೆ ಎಂಬ ಆತಂಕಕ್ಕೆ, ಹಸಿವು ಇಲ್ಲದಿದ್ದರೂ ತಿನ್ನುತ್ತಿದ್ದೆ. ಆ ಎಂಟು ವಾರ ಕಾಲಂನಲ್ಲಿ ಅಂಕಿ ಸಣ್ಣದಿತ್ತು, ತಟ್ಟೆಯಲ್ಲಿದ್ದುದು ಸಣ್ಣದಿರಲಿಲ್ಲ. ಮನೆಯವರ ಜೊತೆ ರಾತ್ರಿ ಕೂತು ಉಣ್ಣುವುದು ತಪ್ಪಿದ್ದೂ ನನಗೆ ದೊಡ್ಡ ನಷ್ಟವೆನಿಸಿತು.

ಚೀನಾದ ಗ್ವಾಂಗ್‌ಜೌ ನಗರದಲ್ಲಿ ಬೊಜ್ಜಿದ್ದ 139 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಕ್ಯಾಲೊರಿ ಕಡಿಮೆ ಮಾಡಿಸಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಲು ಹೇಳಿದ್ದರು. ಒಂದು ವರ್ಷದಲ್ಲಿ ಆ ಗುಂಪಿನವರು ಸರಾಸರಿ 8 ಕಿಲೋ ಇಳಿದರೆ, ಇನ್ನೊಂದು ಗುಂಪಿನವರು 6.3. ಸಂಖ್ಯಾಶಾಸ್ತ್ರದ ಪ್ರಕಾರ ಅದು ಖಚಿತ ವ್ಯತ್ಯಾಸ ಎನಿಸುವಷ್ಟು ಇರಲಿಲ್ಲ. ನನ್ನ ಅನುಭವವೂ ಅದೇ. ರಾತ್ರಿ ಹತ್ತರ ಮೇಲೆ ಕುರುಕಲು ತಿನ್ನುವ ಚಟವಿದ್ದವರಿಗೆ ಗಡಿಯಾರ ಒಳ್ಳೆಯ ಬೇಲಿ. ನನ್ನ ತೊಂದರೆ ರಾತ್ರಿಯದಾಗಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಲೇಬಾರದು.

ತೂಗಿ ಬರೆಯುವುದು

ಐದರಲ್ಲಿ ನನಗೆ ಅತ್ಯಂತ ಬೇಸರ ತರಿಸಿದ್ದು ಇದು, ತೂಕ ಅತಿ ಹೆಚ್ಚು ಇಳಿಸಿದ್ದೂ ಇದೇ.

ಮೊದಲ ವಾರ ಏನೂ ಬದಲಿಸದೆ ಬರೆದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುತ್ತಿರಬಹುದು ಎಂದು ಅಂದಾಜಿಸಿದ್ದೆ. ಬಂದದ್ದು 2550. ಕದ್ದು ತಿಂದದ್ದೇನೂ ಇರಲಿಲ್ಲ. ಎಣ್ಣೆಯನ್ನು ಕಣ್ಣಳತೆಯಲ್ಲಿ ಹಾಕುತ್ತಿದ್ದೆ, ಅಡುಗೆ ಮಾಡುತ್ತ ರುಚಿ ನೋಡುತ್ತಿದ್ದೆ, ಮಿಕ್ಕದ್ದನ್ನು ಚೆಲ್ಲಲು ಮನಸ್ಸಾಗದೆ ಮುಗಿಸುತ್ತಿದ್ದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ. ಎಷ್ಟು ಪ್ರಯತ್ನಿಸಿದರೂ ಸಣ್ಣ ಆಗುತ್ತಿಲ್ಲ ಎಂದು ದೂರುತ್ತಿದ್ದ ಹತ್ತು ಜನರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 1992ರಲ್ಲಿ ವರದಿ ಮಾಡಿದ್ದರು. ಅವರು ತಾವು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ, ಮಾಡಿದ ವ್ಯಾಯಾಮವನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ಇದನ್ನು ಓದಿದಾಗ ನನ್ನ ಮನಸ್ಸು ಹಗುರವಾಯಿತು. ನನ್ನಲ್ಲಿ ಛಲ ಇಲ್ಲ ಎಂದು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ. ಇಲ್ಲದ್ದು ಛಲವಲ್ಲ, ಅಳತೆ.

ಆದರೆ ಬರಹದ ಹುರುಪಿನಲ್ಲಿ ಒಮ್ಮೆಲೇ 1500ಕ್ಕೆ ಇಳಿದೆ. ಎರಡು ವಾರ ಹಸಿವು 9. ಕೆಲಸದ ಮಧ್ಯೆ ಅಡುಗೆ ವಿಡಿಯೋ ನೋಡತೊಡಗಿದೆ, ಯಾರು ಏನು ಮಾತಾಡಿದರೂ ಸಿಡುಕುತ್ತಿದ್ದೆ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದ್ದರಂತೆ. ನನ್ನದು ಎರಡೇ ವಾರದ ಅನುಭವವಾದರೂ ಆ ಯುವಕರ ಮನಸ್ಸು ಯಾವ ಕಡೆ ತಿರುಗಿತ್ತು ಎಂದು ಅರ್ಥವಾಯಿತು. 2050ಕ್ಕೆ ಏರಿಸಿದೆ. ತಟ್ಟೆಯಲ್ಲಿ ಕಾಳು, ಮೊಟ್ಟೆ, ತರಕಾರಿ ಹೆಚ್ಚಿಸಿ, ಎಣ್ಣೆ ಮತ್ತು ಸಿಹಿ ಕಡಿಮೆ ಮಾಡಿದೆ. ಅಷ್ಟರಲ್ಲೇ ಹಸಿವು 4ಕ್ಕೆ ಬಂತು. ಹತ್ತು ವಾರದಲ್ಲಿ ತೂಕ 84.1ರಿಂದ 80, ಸೊಂಟ 98ರಿಂದ 94.5.

ದಿನಕ್ಕೆ ಹತ್ತು ನಿಮಿಷ ಇದಕ್ಕೆ ಹೋಗುತ್ತದೆ. ಹೊರಗೆ ಉಂಡ ದಿನ ಲೆಕ್ಕ ತಪ್ಪುತ್ತದೆ. ಊಟದ ಬಗ್ಗೆ ಮೊದಲೇ ಭಯ, ಅಪರಾಧ ಭಾವ ಇರುವವರಿಗೆ ಇದು ಹಿಡಿಸುವ ದಾರಿಯಲ್ಲ. ಆ ಎರಡು ವಾರ ಅದರ ಅಂಚನ್ನು ನಾನೂ ಕಂಡೆ.

ಭಾರ ಎತ್ತುವುದು

ತೂಕದ ಯಂತ್ರವನ್ನೇ ಕೇಳಿದರೆ ಇದಕ್ಕೆ ಕೊನೆಯ ಸ್ಥಾನದ ಆಸುಪಾಸು. 14 ವಾರದಲ್ಲಿ 80ರಿಂದ 78.4. ಮೊದಲ ಮೂರು ವಾರವಂತೂ 600 ಗ್ರಾಂ ಏರಿತ್ತು. ದಣಿದ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಾಗಾಗುತ್ತದೆ ಎಂದು ತಿಳಿದಿರದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಅಳತೆ ಟೇಪು ಹೇಳಿದ್ದು ಬೇರೆ. ಊಟ ಬರೆದಿಟ್ಟ ಹತ್ತು ವಾರದಲ್ಲಿ 4.1 ಕಿಲೋ ಇಳಿದಾಗ ಸೊಂಟ ಕರಗಿದ್ದು 3.5 ಸೆಂ.ಮೀ. ಇಲ್ಲಿ 1.6 ಕಿಲೋ ಇಳಿದಾಗ ಕರಗಿದ್ದು 4.5. ಬೊಜ್ಜು ಕರಗಿದ ಜೊತೆಗೆ ಒಂದಿಷ್ಟು ಸ್ನಾಯು ಬೆಳೆದಿದೆ ಎನ್ನುವುದು ಬಿಟ್ಟರೆ ಇದಕ್ಕೆ ಬೇರೆ ವಿವರಣೆ ನನಗೆ ಕಾಣುವುದಿಲ್ಲ. ಬರೀ ಊಟ ಕಡಿಮೆ ಮಾಡಿದರೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ದೇಹಕ್ಕೆ ಕೆಲಸ ಕೊಡಬೇಕು, ಪ್ರೋಟೀನ್ ಕೊಡಬೇಕು.

ವಾರಕ್ಕೆ ಮೂರು ದಿನ, ತಲಾ 40 ನಿಮಿಷ. ಡಂಬೆಲ್ ಹಿಡಿದು ಬಸ್ಕಿ, ಪುಷ್-ಅಪ್, ಬಗ್ಗಿ ಭಾರ ಎಳೆಯುವುದು, ನೆಲದಿಂದ ಎತ್ತುವುದು, ತಲೆಯ ಮೇಲೆ ಒತ್ತುವುದು. ಇಷ್ಟೇ. ಒಂದು ಭಾರದಲ್ಲಿ 12 ಸಲದಂತೆ ಮೂರು ಸುತ್ತು ಸಲೀಸಾದರೆ ಮುಂದಿನ ವಾರ 2 ಕಿಲೋ ಹೆಚ್ಚು. ಪುಷ್-ಅಪ್ 4ರಿಂದ 18ಕ್ಕೆ ಬಂತು. ಪ್ರೋಟೀನನ್ನು ದಿನಕ್ಕೆ 100 ಗ್ರಾಂ ಆಸುಪಾಸಿನಲ್ಲಿ ಇಟ್ಟುಕೊಂಡೆ. ತೂಕ ಇಳಿಸುವವರಿಗೆ ಸಾಮಾನ್ಯವಾಗಿ ಹೇಳುವ, ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಎಂಬ ಲೆಕ್ಕದಲ್ಲಿ ಅದು ಕೆಳಗಿನ ತುದಿ. ಹಸಿವು 4 ದಾಟಲಿಲ್ಲ. ಬೆನ್ನು ನೆಟ್ಟಗಾದದ್ದನ್ನು ನನಗಿಂತ ಮೊದಲು ಮನೆಯವರು ಗಮನಿಸಿದರು.

ಎರಡನ್ನೇ ಆರಿಸು ಎಂದರೆ ನಾನು ಬರಹ ಮತ್ತು ಭಾರವನ್ನು ಆರಿಸುತ್ತೇನೆ. ಬೊಜ್ಜು ಇಳಿಯಲು ಮೊದಲನೆಯದು, ಇಳಿದ ಮೇಲೆ ಉಳಿಯುವ ದೇಹಕ್ಕೆ ಎರಡನೆಯದು. ಏನನ್ನೂ ಮಾಡಿ ಅಭ್ಯಾಸವಿಲ್ಲದವರು ಮಾತ್ರ ನಡಿಗೆಯಿಂದಲೇ ಶುರು ಮಾಡಲಿ, ಮೊದಲ ತಿಂಗಳು ತೂಕದ ಯಂತ್ರ ನೋಡದಿದ್ದರೂ ನಡೆಯುತ್ತದೆ. ಗಡಿಯಾರದ ಊಟಕ್ಕೆ ನಾನು ಮರಳುವುದಿಲ್ಲ. ಓಟವನ್ನು ಬಿಟ್ಟದ್ದು ಮಾತ್ರ ತಪ್ಪಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಅಥವಾ 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಎನ್ನುತ್ತದೆ. ನನ್ನ ನಡಿಗೆ, ಭಾರ ಎರಡೂ ಆ ಲೆಕ್ಕ ತುಂಬುತ್ತವೆ. ಆದರೂ ಮೆಟ್ಟಿಲ ಮೇಲೆ ಆಗ ಇದ್ದ ಉಸಿರು ಈಗಿಲ್ಲ.

ಈ ತಿಂಗಳಿಂದ ಭಾನುವಾರ ಬೆಳಿಗ್ಗೆ ಅಕ್ಕನ ಜೊತೆ 3 ಕಿಲೋಮೀಟರ್ ಓಡುತ್ತಿದ್ದೇನೆ. ಆ ಸಂಜೆಗೆಂದು ಬೇಯಿಸಿದ ಕಾಳನ್ನು ಮೊದಲೇ ಎತ್ತಿಟ್ಟಿರುತ್ತೇನೆ. ಕಳೆದ ಮೂರು ಭಾನುವಾರ ಕಾಲಂನಲ್ಲಿ ಬರೆದದ್ದು 6, 5, 5.