ಫೈರ್‌ಫಾಕ್ಸ್: ಮೂರು ತಿಂಗಳು ಬಳಸಿದ ಮೇಲೆ

ಮೊದಲು ನನ್ನ ಮರ್ಯಾದೆ ಹೋದ ಕತೆ. ಮಾಟುಂಗದ ನಾಲ್ಕೈದು ಹೋಟೆಲುಗಳ ಲೆಕ್ಕ ಬರೆಯುವವನು ನಾನು. ಒಂದು ಮಧ್ಯಾಹ್ನ ಜಿಎಸ್‌ಟಿ ಕೆಲಸ ಮುಗಿಸಿ, ಕೌಂಟರ್ ಪಕ್ಕ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಪೇಪರ್ ಓದುತ್ತಿದ್ದೆ. ಸುದ್ದಿಯ ಪಕ್ಕದಲ್ಲಿ ವಧು-ವರರ ಜಾಹೀರಾತು. ಕೆಳಗೂ ಅದೇ. ಶೆಟ್ರು ಇಣುಕಿದರು. "ಎಂತ ಭಟ್ರೇ, ಮಗಳಿಗೆ ಗಂಡು ನೋಡ್ಲಿಕ್ಕೆ ಶುರು ಮಾಡಿದ್ರಾ? ನಮ್ಗೆ ಹೇಳ್ಲೇ ಇಲ್ಲ!"

ಮಗಳಿಗೇ ಹೇಳಿರಲಿಲ್ಲ ಮಾರಾಯ್ರೆ! ಹಿಂದಿನ ರಾತ್ರಿ ಡೊಂಬಿವಲಿಯ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಎರಡು ಸೈಟ್ ನೋಡಿದ್ದೆ ಅಷ್ಟೆ.

ಆ ಬ್ರೌಸರ್ ಹೆಸರು ಬೇಡ ಬಿಡಿ. ಅದನ್ನು ತೆಗೆದು ಫೈರ್‌ಫಾಕ್ಸ್ ಹಾಕಿಕೊಂಡೆ. 2022ರಿಂದ ಇದರಲ್ಲಿ ಟೋಟಲ್ ಕುಕಿ ಪ್ರೊಟೆಕ್ಷನ್ ತಾನಾಗೇ ಆನ್ ಇರುತ್ತದೆ. ಕುಕಿ ಅಂದರೆ ನಮ್ಮನ್ನು ಗುರುತಿಸಲು ಸೈಟ್‌ನವರು ಬ್ರೌಸರ್‌ನಲ್ಲಿ ಇಟ್ಟು ಹೋಗುವ ಸಣ್ಣ ಚೀಟಿ. ಹೋಟೆಲ್ ಲೆಕ್ಕದಲ್ಲಿ ಹೇಳಿದರೆ, ಒಂದೊಂದು ಟೇಬಲ್‌ಗೂ ಬೇರೆ ಬೇರೆ ಚಟ್ನಿ ಬಟ್ಟಲು. ಈ ಸೈಟ್‌ನಲ್ಲಿ ಇಟ್ಟ ಕುಕಿಯನ್ನು ಜಾಹೀರಾತಿನವರು ಆ ಸೈಟ್‌ನಲ್ಲಿ ತೆಗೆದು ಓದುವಂತಿಲ್ಲ. ಮೂರು ತಿಂಗಳಿಂದ ಮದುವೆ ಜಾಹೀರಾತು ನನ್ನ ಬೆನ್ನು ಹತ್ತಿಲ್ಲ. ಲಾಗಿನ್ ಆದ ಕಡೆ ನೀವು ಯಾರು ಅಂತ ಅವರಿಗೆ ಗೊತ್ತೇ ಇರುತ್ತದೆ, ಅದು ಬೇರೆ ಮಾತು.

ಆದರೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೂ ಕೇಳದೆ ಕೈ ಹಾಕುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ ಕೆಳಗೆ ಇಳಿದರೆ, ನಮ್ಮ ಬಳಕೆಯ ಮಾಹಿತಿಯನ್ನು ಮೊಜಿಲ್ಲಾಗೆ ಕಳಿಸುವ ಜಾಗಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಏನು ಕಳಿಸುತ್ತಾರೆ ಅಂತ ನೋಡಲು ಅಡ್ರೆಸ್ ಬಾರ್‌ನಲ್ಲಿ 'ಅಬೌಟ್', ಒಂದು ಕೋಲನ್, ಆಮೇಲೆ 'ಟೆಲಿಮೆಟ್ರಿ' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದೆ. ಉದ್ದದ ಪಟ್ಟಿ ಬಂತು. ಲ್ಯಾಪ್‌ಟಾಪ್‌ನ ಮೆಮೊರಿ ಎಷ್ಟು, ಹಾಕಿಕೊಂಡ ಆ್ಯಡ್‌ಆನ್ ಯಾವುದು, ಒಟ್ಟಿಗೆ ಎಷ್ಟು ಟ್ಯಾಬ್ ತೆರೆದಿದ್ದೆ, ಎಲ್ಲ ಇದೆ. ನೋಡಿದ ಸೈಟ್‌ಗಳ ಹೆಸರು ಮಾತ್ರ ನನಗೆ ಎಲ್ಲೂ ಕಾಣಲಿಲ್ಲ. ಪಟ್ಟಿಯನ್ನು ಹೀಗೆ ಎದುರಿಗೆ ಇಟ್ಟಿದ್ದು ಮೆಚ್ಚಬೇಕಾದ್ದೇ. ಆದರೂ ಟಿಕ್ ನಾನು ಹಾಕಬೇಕಾದ್ದು, ಅಲ್ವಾ? ತೆಗೆದೆ.

ಇದಕ್ಕಿಂತ ಜಾಸ್ತಿ ಬೇಸರದ್ದು 2024ರ ಜುಲೈ ಸಂಗತಿ. 128ನೇ ಆವೃತ್ತಿಯಲ್ಲಿ ಜಾಹೀರಾತು ಎಷ್ಟು ಕೆಲಸ ಮಾಡಿತು ಅಂತ ಅಳೆಯುವ ಒಂದು ವ್ಯವಸ್ಥೆಯನ್ನು ಇವರೇ ತಂದು, ಯಾರನ್ನೂ ಕೇಳದೆ ಆನ್ ಮಾಡಿಟ್ಟರು. ಸೆಪ್ಟೆಂಬರ್‌ನಲ್ಲಿ, ಜನರ ಪ್ರೈವೆಸಿಗಾಗಿ ಹೋರಾಡುವ ನೋಯ್ಬ್ ಎಂಬ ಸಂಸ್ಥೆ ಆಸ್ಟ್ರಿಯಾದಲ್ಲಿ ದೂರು ಕೊಟ್ಟಿತು. ಪ್ರೈವೆಸಿ ಹೆಸರಲ್ಲೇ ಗಿರಾಕಿಗಳನ್ನು ಕರೆಯುವ ಅಂಗಡಿ ಹೀಗೆ ಮಾಡಬಾರದಿತ್ತು. ಸರ್ಚ್ ಕೂಡ ಗೂಗಲ್‌ಗೇ ಇಟ್ಟಿರುತ್ತಾರೆ. ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದು ಆ ಒಪ್ಪಂದದಿಂದಲೇ. ಬದಲಾಯಿಸಲು ಅರ್ಧ ನಿಮಿಷ ಸಾಕು.

ಐದಕ್ಕೆ ಮೂರೂವರೆ ಸ್ಟಾರ್. ಟಿಕ್ ತೆಗೆಯುವ ಹತ್ತು ನಿಮಿಷದ ತಾಳ್ಮೆ ಇದ್ದವರು ಧಾರಾಳವಾಗಿ ಹಾಕಿಕೊಳ್ಳಿ.

ಶೆಟ್ರು ಮಾತ್ರ ಈಗಲೂ ಬಿಲ್ ಪುಸ್ತಕ ಕೊಡುವಾಗ ಕೇಳುತ್ತಾರೆ, "ಗಂಡು ಸಿಕ್ಕಿತಾ ಭಟ್ರೇ?"