ಕ್ಯಾಮೊಮೈಲ್ ಇಡೀ ಹೂವು: ಎರಡು ವರ್ಷ ಬಳಸಿದ ಮೇಲೆ

ಕ್ಯಾಮೊಮೈಲ್ ಎಂದರೆ ಟೀ ಮಾಡಿ ಕುಡಿಯುವ, ಸೇವಂತಿಗೆ ಕುಲದ ಹೂವು. ಇಡೀ ಒಣ ಹೂವಿಗೆ 5ಕ್ಕೆ 4, ಟೀ ಬ್ಯಾಗಿಗೆ 2.

ಟೀ ಬ್ಯಾಗಿಗೆ ಅಂಕ ಕಡಿಮೆಯಾಗಲು ಕಾರಣ ತೂಕ. ಯುರೋಪಿನ ಔಷಧ ಕೈಪಿಡಿಗಳು 150 ಮಿ.ಲೀ. ನೀರಿಗೆ ಸುಮಾರು 3 ಗ್ರಾಂ ಹೂವು ಎನ್ನುತ್ತವೆ. ಒಂದು ಬ್ಯಾಗಿನಲ್ಲಿ ಇರುವುದು ಸಾಮಾನ್ಯವಾಗಿ 1ರಿಂದ 1.5 ಗ್ರಾಂ, ಅದೂ ಪುಡಿ. ಹೂವು ಪುಡಿಯಾದಷ್ಟೂ ಅದರ ಎಣ್ಣೆಯಂಶ ಬೇಗ ಹಾರಿಹೋಗುತ್ತದೆ.

ಗ್ರಂಧಿಗೆ ಅಂಗಡಿಯಲ್ಲಿ 'ಬಾಬೂನಾ' ಎಂದು ಕೇಳಿ. ಯುನಾನಿಯಲ್ಲಿ ಅದೇ ಹೆಸರು. ಆದರೆ ಕೊಟ್ಟದ್ದನ್ನೆಲ್ಲ ನಂಬಬೇಡಿ. ಒಂದು ಹೂವನ್ನು ನೀರಲ್ಲಿ ನೆನೆಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ನಡುವಿನ ಹಳದಿ ಗುಬುಟು ಒಳಗೆ ಟೊಳ್ಳಾಗಿದ್ದರೆ ಅದು ನಮಗೆ ಬೇಕಾದ ಜರ್ಮನ್ ಕ್ಯಾಮೊಮೈಲ್. ಗಟ್ಟಿಯಾಗಿದ್ದರೆ ರೋಮನ್ ಜಾತಿ (ಕಹಿ ಜಾಸ್ತಿ) ಅಥವಾ ಬೇರೆ ಯಾವುದೋ ಹೂವು. ಮೂಸಿದರೆ ಸೇಬಿನ ವಾಸನೆ ಬರಬೇಕು. ಗ್ರೀಕರು ಇದನ್ನು 'ನೆಲದ ಸೇಬು' ಎಂದು ಕರೆದದ್ದು ಸುಮ್ಮನೆ ಅಲ್ಲ. ಬರೀ ಒಣಹುಲ್ಲಿನ ವಾಸನೆ ಬಂದರೆ ಅದು ಹಳೇ ಸರಕು.

ನಮ್ಮಲ್ಲಿ ಆಗುವ ದೊಡ್ಡ ತಪ್ಪು, ಕಷಾಯದ ಹಾಗೆ ಕುದಿಸುವುದು. ಶುಂಠಿ, ಮೆಣಸಿಗೆ ಅದು ಸರಿ, ಈ ಹೂವಿಗೆ ಅಲ್ಲ. ನೀರು ಕುದಿದ ಮೇಲೆ ಒಲೆ ಆರಿಸಿ. ದೊಡ್ಡ ಚಮಚದಲ್ಲಿ ಗೋಪುರವಾಗಿ ಒಂದು ಚಮಚ ಹೂವು ಲೋಟಕ್ಕೆ ಹಾಕಿ, ನೀರು ಸುರಿದು ತಕ್ಷಣ ತಟ್ಟೆ ಮುಚ್ಚಿ. 5ರಿಂದ 10 ನಿಮಿಷ ಸಾಕು. ತೆಗೆಯುವಾಗ ತಟ್ಟೆಯ ಒಳಮೈಗೆ ಹನಿಗಳು ಕಟ್ಟಿರುತ್ತವೆ. ಆವಿಯ ಜೊತೆ ಮೇಲೇರಿದ ಎಣ್ಣೆಯಂಶ ಅದರಲ್ಲೇ ಇರುತ್ತದೆ, ಕೊಡವಿ ಲೋಟಕ್ಕೇ ಬೀಳಿಸಿ. ಕಾಲು ಗಂಟೆ ಮರೆತುಬಿಟ್ಟರೆ ಕಹಿಯಾಗುತ್ತದೆ, ಜೇನು ಹಾಕಿದರೂ ಸರಿಹೋಗದು.

ಊಟದ ನಂತರದ ಹೊಟ್ಟೆಯುಬ್ಬರ, ಸಣ್ಣ ಹೊಟ್ಟೆನುಲಿತಕ್ಕೆ ಇದು ಹಿತ. ಬಾಯಿಹುಣ್ಣಿಗೆ ಆರಿದ ಟೀಯಿಂದ ಮುಕ್ಕಳಿಸಬಹುದು. ನೆಗಡಿಗೆ ಬಿಸಿನೀರಿಗೆ ಹಾಕಿ ಹಬೆ ಹಿಡಿಯುವ ಪದ್ಧತಿಯೂ ಹಳೆಯದು.

ಒಳ್ಳೆ ನಿದ್ದೆ ಬರುತ್ತದೆ ಎಂಬ ಪ್ಯಾಕೆಟ್ ಮೇಲಿನ ಮಾತು ಸ್ವಲ್ಪ ಜೋರಾಯಿತು. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ದೀರ್ಘಕಾಲದ ನಿದ್ರಾಹೀನತೆಯ 34 ಜನರ ಮೇಲೆ 28 ದಿನ ಪರೀಕ್ಷಿಸಿ ನೋಡಿದರು. ಹುಸಿಮಾತ್ರೆಗಿಂತ (ಔಷಧವಿಲ್ಲದ ಮಾತ್ರೆ) ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆತಂಕದ ಮೇಲೆ 2009ರಲ್ಲಿ ಬಂದ, 57 ಜನರ 8 ವಾರದ ಪ್ರಯೋಗದಲ್ಲಿ ತಕ್ಕಮಟ್ಟಿನ ಫಲ ಸಿಕ್ಕಿತು. ಎರಡರಲ್ಲೂ ಬಳಸಿದ್ದು ಹೂವಿನ ಸಾರ, ಲೋಟದ ಟೀ ಅಲ್ಲ. ಮಲಗುವ ಮುಂಚೆ ಮೊಬೈಲ್ ಬದಿಗಿಟ್ಟು ಬಿಸಿಯಾಗಿ ಏನಾದರೂ ಕುಡಿದರೆ ಆಗುವ ಹಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದರ ಎಣ್ಣೆ ಕೊಳ್ಳುವವರಿಗೆ ಒಂದು ಮಾತು: ಟೀ ಹಳದಿ, ಎಣ್ಣೆ ಕಡುನೀಲಿ. ಬಟ್ಟಿ ಇಳಿಸುವಾಗ ಹೂವಿನಲ್ಲಿರುವ ಮ್ಯಾಟ್ರಿಸಿನ್ ಎಂಬ ಅಂಶ ಕ್ಯಾಮಜುಲೀನ್ ಎಂಬ ನೀಲಿ ವಸ್ತುವಾಗಿ ಬದಲಾಗುವುದರಿಂದ ಈ ಬಣ್ಣ ಬರುತ್ತದೆ. ಜರ್ಮನ್ ಜಾತಿಯದೆಂದು ತಿಳಿಹಳದಿ ಎಣ್ಣೆ ಕೊಟ್ಟರೆ ವಾಪಸ್ ಮಾಡಿ. ಎಣ್ಣೆಯನ್ನು ಕುಡಿಯಬಾರದು.

ಒಂದು ಅಂಕ ಕಳೆದದ್ದು ಪ್ಯಾಕೆಟ್ ಮೇಲೆ ಎಚ್ಚರಿಕೆ ಇಲ್ಲದ್ದಕ್ಕೆ. ಇದು ಸೇವಂತಿಗೆಯ ಕುಲ. ನಮ್ಮ ಬಯಲು ತುಂಬಾ ಬೆಳೆಯುವ ಕಾಂಗ್ರೆಸ್ ಗಿಡವೂ (ಪಾರ್ಥೇನಿಯಂ) ಅದೇ ಕುಲ. ಪಾರ್ಥೇನಿಯಂನಿಂದ ತುರಿಕೆ, ಸೀನು, ಉಬ್ಬಸ ಬರುವವರು ಇದನ್ನು ಮುಟ್ಟದಿರುವುದೇ ಲೇಸು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಇದೆ, 2006ರಲ್ಲಿ ಕೆನಡಾದಿಂದ ಅಂಥ ಪ್ರಕರಣ ವರದಿಯಾಗಿದೆ. ಕಣ್ಣುರಿಗೆ ಈ ಟೀಯಿಂದ ಕಣ್ಣು ತೊಳೆಯುವ ಹಳೇ ಮನೆಮದ್ದು ಬೇಡ, ಅದರಿಂದಲೇ ಕಣ್ಣಿಗೆ ಅಲರ್ಜಿ ಆದದ್ದುಂಟು. ಹಸುಗೂಸಿಗೂ ಕೊಡಬೇಡಿ.

100 ಗ್ರಾಂಗಿಂತ ಹೆಚ್ಚು ಒಮ್ಮೆಗೆ ತರುವುದು ದಂಡ. ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಮಳೆಗಾಲದಲ್ಲಿ ತೇವ ಎಳೆದುಕೊಂಡು ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಹಾಕಿ, ಒಲೆಯಿಂದ ದೂರ, ಬೆಳಕು ಬೀಳದ ಕಡೆ ಇಡಿ.